ದೀಪದ ಕಂಬ ಗಟ್ಟಿಯೋ ಟೊಳ್ಳೋ: ಆರು ಭಾನುವಾರದ ಲೆಕ್ಕ

ನಮ್ಮ ಮನೆಯ ಹಿತ್ತಾಳೆ ಕಾಲುದೀಪ ಎರಡು ವರ್ಷದಿಂದ ಓಲಾಡುತ್ತಿತ್ತು. ಬುಡದ ತಟ್ಟೆಗೆ ಕಂಬ ಸೇರುವ ಕಡೆ ತಿರುಪು ಸವೆದು ಹೋಗಿದೆ. ಹಬ್ಬ ಬಂದಾಗಲೆಲ್ಲ ಬಿಚ್ಚಿ, ಹುಣಸೆಹಣ್ಣು ಹಾಕಿ ತಿಕ್ಕಿ, ಮತ್ತೆ ತಿರುಗಿಸಿ ಸೇರಿಸುವುದು. ನಲವತ್ತು ವರ್ಷ ಹಾಗೆ ಮಾಡಿದರೆ ಯಾವ ತಿರುಪು ಉಳಿಯುತ್ತೆ ಹೇಳಿ. ಕಳೆದ ದೀಪಾವಳಿಗೆ ನಾನೇ ಒಳಗೆ ಎಂ-ಸೀಲ್ ತುಂಬಿ ಕೂರಿಸಿದ್ದೆ. ಒಂದು ವಾರಕ್ಕೆ ಬಿರುಕು ಬಿಟ್ಟು ಹಲ್ಲಿನ ಹಾಗೆ ಉದುರಿತು. ಇದು ಮೊದಲ ತಪ್ಪು, ಆದರೆ ಅಗ್ಗದ್ದು.

ಮೇ 4

ಕಂಬದ ಕೆಳಗಿನ ತುಂಡನ್ನು ಲೇತ್ (ಲೋಹ ಕಡೆಯುವ ಯಂತ್ರ) ಅಂಗಡಿಗೆ ತೆಗೆದುಕೊಂಡು ಹೋದೆ. ಉದ್ದ 95 ಮಿ.ಮೀ., ಮಧ್ಯೆ ಎರಡು ಗುಂಡು, ಸುತ್ತ ಬಳೆ ಬಳೆ ಕೆತ್ತನೆ. ಲೇತ್ ಭಾಯಿ ಕೈಯಲ್ಲಿ ತೂಗಿ ನೋಡಿದರು. "ಸಾರ್, ಇದು ಪೂರ್ತಿ ಗಟ್ಟಿ ಇದ್ರೆ ತೂತು ದೊಡ್ಡದು ಮಾಡಿ 16 ಮಿ.ಮೀ. ತ್ರೆಡ್ ಹಾಕಿಬಿಡ್ತೀನಿ. ಒಳಗೆ ಟೊಳ್ಳಿದ್ರೆ ಹಿಡಿಯಲ್ಲ. ಡ್ರಿಲ್ ಬಿಟ್ಟಾಗ ಗೊತ್ತಾಗತ್ತೆ" ಅಂದರು.

ಡ್ರಿಲ್ ಬಿಟ್ಟ ಮೇಲೆ ಗೊತ್ತಾಗಿ ಏನು ಪ್ರಯೋಜನ? ಕೊರೆಯದೇ ತಿಳಿಯಬೇಕು ಅಂತ ವಾಪಸ್ ತಂದೆ. ಅಮ್ಮನದು ಬೇರೆಯೇ ವಾದ. "ಬುಡ ದೊಡ್ಡದು, ಅದು ಗಟ್ಟಿ ಹಿತ್ತಾಳೆ. ಕಂಬ ಸಣ್ಣದು, ಕೆತ್ತನೆ ಬೇರೆ ಇದೆ. ಹಗುರ ಇದ್ದೇ ಇರುತ್ತೆ ಕಣೋ." ಒಂಬತ್ತನೇ ಕ್ಲಾಸಿನ ಮಗಳು ಅಲ್ಲೇ ಕೂತಿದ್ದಳು. "ಗಾತ್ರ ಜಾಸ್ತಿ ಆದ್ರೆ ಸಾಂದ್ರತೆ ಜಾಸ್ತಿ ಆಗಲ್ಲ ಅಜ್ಜಿ" ಅಂದಳು. ಅಜ್ಜಿ ನಂಬಲಿಲ್ಲ. ನಿಜ ಹೇಳಬೇಕು ಅಂದ್ರೆ ನನಗೂ ಪುಸ್ತಕದ ಮಾತು ಅನ್ನಿಸಿತು. ಗಾತ್ರ ಅನ್ನೋ ಪದವೇ ಒಂದು ತಲೆನೋವು. ಪಾಠದಲ್ಲಿ ಅದು ವಸ್ತು ಹಿಡಿಯುವ ಜಾಗ, ಬೀದಿಯಲ್ಲಿ ದಪ್ಪ, ದೊಡ್ಡದು.

ಹಿತ್ತಾಳೆ ಒಂದು ಮಿ.ಲೀ.ಗೆ ಸುಮಾರು 8.4ರಿಂದ 8.7 ಗ್ರಾಂ ತೂಗುತ್ತದೆ, ಅದೇ ಅದರ ಸಾಂದ್ರತೆ. ಕಂಬ ಅಷ್ಟು ಬಂದರೆ ಗಟ್ಟಿ. ಕಡಿಮೆ ಬಂದರೆ? ಆಕಾರದಿಂದ ಕಡಿಮೆಯೋ, ಟೊಳ್ಳಿನಿಂದ ಕಡಿಮೆಯೋ? ಮೊದಲು ಆ ಅನುಮಾನ ಹೋಗಬೇಕು. ಅದಕ್ಕೆ ಒಳಗೆ ಏನೂ ಇಲ್ಲ ಅಂತ ಖಾತ್ರಿ ಇರುವ ಹಿತ್ತಾಳೆ ಬೇಕು. ಲೇತ್ ಭಾಯಿ ಹತ್ತಿರವೇ 25 ಮಿ.ಮೀ. ರಾಡಿನ ಉಳಿಕೆ ತುಂಡು ಸಿಕ್ಕಿತು, 90 ಮಿ.ಮೀ. ಉದ್ದ. ಕೆಜಿಗೆ 750ರ ಲೆಕ್ಕದಲ್ಲಿ 280 ರೂ. ತೆಗೆದುಕೊಂಡರು.

ಅವತ್ತೇ ಸಂಜೆ ಪಾಠದಲ್ಲಿರುವ ಹಾಗೆ ಮಾಡಿದೆ. ಚೊಂಬಿನ ತುಂಬ ನೀರು, ಕೆಳಗೆ ತಟ್ಟೆ, ರಾಡ್ ಇಳಿಸಿದಾಗ ಚೆಲ್ಲಿದ ನೀರನ್ನು ಔಷಧಿ ಅಳತೆ ಲೋಟಕ್ಕೆ ಸುರಿಯುವುದು. ಮೂರು ಸಲಕ್ಕೆ 39, 47, 42 ಮಿ.ಲೀ. ಬಂತು. ಲೆಕ್ಕ ಹಾಕಿದರೆ 9.6, 7.9, 8.9. ಒಂದೇ ರಾಡು, ಒಂದೇ ಸಂಜೆ! ತಪ್ಪು ಚೊಂಬಿನ ಅಂಚಿನಲ್ಲಿತ್ತು. ನೀರು ಅಂಚಿಗಿಂತ ಮೇಲೆ ಉಬ್ಬಿಕೊಂಡು ನಿಲ್ಲುತ್ತದೆ. ಒಮ್ಮೆ ಚೆಲ್ಲಲು ಶುರುವಾದರೆ ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತದೆ. ತಟ್ಟೆಗೂ ಒಂದಿಷ್ಟು ಅಂಟಿಕೊಂಡು ಉಳಿಯುತ್ತದೆ. ಈ ದಾರಿ ಬಿಟ್ಟೆ.

ಮೇ 11

390 ರೂ. ಕೊಟ್ಟು ಪುಟ್ಟ ಡಿಜಿಟಲ್ ತಕ್ಕಡಿ ತರಿಸಿದೆ. 500 ಗ್ರಾಂವರೆಗೆ ತೂಗುತ್ತದೆ, 0.01 ಗ್ರಾಂ ತೋರಿಸುತ್ತದೆ. ಈ ಸಲ ನೀರು ಚೆಲ್ಲುವ ಮಾತೇ ಇಲ್ಲ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಬೇಕು. ರಾಡನ್ನು ದಾರದಲ್ಲಿ ಮೇಲಿನಿಂದ ತೂಗುಹಾಕಿ ಪೂರ್ತಿ ಮುಳುಗಿಸಬೇಕು. ತಳಕ್ಕಾಗಲೀ ಬದಿಗಾಗಲೀ ತಾಗಬಾರದು. ಆಗ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅದು ರಾಡು ಸರಿಸಿದ ನೀರಿನ ತೂಕ. ಗ್ರಾಮನ್ನು ಮಿ.ಲೀ. ಅಂತ ಓದಿಕೊಂಡರೆ ಆಯಿತು.

ಬರೆದಷ್ಟು ಸಲೀಸಾಗಿ ಆಗಲಿಲ್ಲ. ಮೊದಲು ಉದ್ದನೆ ಸ್ಟೀಲ್ ಲೋಟ ಇಟ್ಟೆ. ಲೋಟ 138, ನೀರು 330, ರಾಡ್ ಇಳಿದ ತಕ್ಷಣ 500 ದಾಟಿ ತಕ್ಕಡಿ ಎರರ್ ತೋರಿಸಿತು. ಸೊನ್ನೆ ಮಾಡಿದ ಮಾತ್ರಕ್ಕೆ ಅದರ ಮೇಲಿನ ಭಾರ ಇಳಿಯಲ್ಲ ಅಲ್ವಾ. 40 ಗ್ರಾಮಿನ ಪ್ಲಾಸ್ಟಿಕ್ ಲೋಟಕ್ಕೆ ಬದಲಾಯಿಸಿದೆ. ಮುಂದಿನ ಸಲ ಅಂಕಿ 120ಕ್ಕೆ ಹಾರಿತು. ನೋಡಿದರೆ ರಾಡಿನ ಒಂದು ಮೂಲೆ ತಳಕ್ಕೆ ತಾಗಿದೆ. ಆಮೇಲೆ ಹತ್ತಿ ದಾರ ನೀರು ಕುಡಿದು ಅಂಕಿ ನಿಧಾನಕ್ಕೆ ಜರುಗುತ್ತಿತ್ತು. 20 ರೂ. ಕೊಟ್ಟು ಮೀನು ಹಿಡಿಯುವ ಗಾಳದ ದಾರ ತಂದೆ. ಎರಡು ಕುರ್ಚಿ, ಮೇಲೊಂದು ಮರದ ಸ್ಕೇಲು, ಅದಕ್ಕೆ ದಾರ. ಫ್ಯಾನ್ ಆಫ್. ಮೇ ತಿಂಗಳಲ್ಲಿ ಫ್ಯಾನ್ ಆಫ್ ಮಾಡಿಸಿದ್ದಕ್ಕೆ ಮನೆಯವರೆಲ್ಲ ಬೈದರು.

ರಾಡ್: 373.2 ಗ್ರಾಂ. ಸರಿಸಿದ ನೀರು 44.05 ಗ್ರಾಂ. ಭಾಗಿಸಿದರೆ 8.47. ನೀರಿನ ಬಿಸಿ 28 ಡಿಗ್ರಿ ಇತ್ತು. ಅಷ್ಟು ಬಿಸಿಯಲ್ಲಿ ಒಂದು ಮಿ.ಲೀ. ನೀರು ಸರಿಯಾಗಿ ಒಂದು ಗ್ರಾಂ ತೂಗಲ್ಲ, 0.996 ತೂಗುತ್ತದೆ. ಅದರಿಂದ ಗುಣಿಸಿದರೆ 8.44. ಮುಂದಿನ ಸಾಂದ್ರತೆಗಳಿಗೂ ಇದೇ ಗುಣಾಕಾರ ಹಾಕಿದ್ದೇನೆ. ವರ್ನಿಯರ್ ಹಿಡಿದು ಅಳೆದರೆ ವ್ಯಾಸ 25.0, ಉದ್ದ 90.1. ಆ ಲೆಕ್ಕದಲ್ಲೂ 8.44. ಎರಡು ದಾರಿ ಒಂದೇ ಕಡೆ ಬಂದು ನಿಂತಾಗ ಸಿಗುವ ಖುಷಿ ಬೇರೆ.

ಊಟ ಆದ ಮೇಲೆ ಹ್ಯಾಕ್ಸಾ ಹಿಡಿದು ರಾಡನ್ನು ಎರಡು ಮಾಡಿದೆ. 40 ನಿಮಿಷ ಹಿಡಿಯಿತು, ಕಟ್ ಸೊಟ್ಟ ಬಂತು. ದೊಡ್ಡ ತುಂಡು 208.3 ಗ್ರಾಂ, ಸಣ್ಣದು 159.9. ಮಿಕ್ಕ 5 ಗ್ರಾಂ ಪುಡಿಯಾಗಿ ನೆಲಕ್ಕೆ ಬಿತ್ತು. ದೊಡ್ಡದರ ಸಾಂದ್ರತೆ 8.44, ಸಣ್ಣದರದ್ದು 8.43. ಮಗಳು "ನೋಡಿದ್ಯಾ?" ಅನ್ನುವ ಮುಖ ಮಾಡಿದಳು. ಅಮ್ಮ ಮಾತ್ರ, "ಎರಡೂ ನೆಟ್ಟಗಿರೋ ತುಂಡು. ಕೆತ್ತನೆ ಇದ್ರೆ?" ಅಂದರು. ಸರಿಯಾದ ಪ್ರಶ್ನೆ.

ಮೇ 18

ಸಣ್ಣ ತುಂಡನ್ನು ಲೇತ್‌ಗೆ ಕೊಟ್ಟು ಕಂಬದ ಗುಂಡಿನ ಥರಾನೇ ಮಾಡಿಕೊಡಿ ಅಂದೆ. ಮಧ್ಯೆ ಉಬ್ಬು, ಎರಡೂ ಕಡೆ ಮೂರು ಮೂರು ಬಳೆ. 150 ರೂ. ಬಿದ್ದ ಚೂರನ್ನೂ ಪೇಪರಿನಲ್ಲಿ ಕಟ್ಟಿಸಿಕೊಂಡೆ. ಭಾಯಿ ನನ್ನ ಮುಖ ಒಂದು ಸಲ ನೋಡಿ ಸುಮ್ಮನಾದರು.

ಗುಂಡು ಈಗ 112.4 ಗ್ರಾಂ. ಸರಿಸಿದ ನೀರು 13.71. ಸಾಂದ್ರತೆ 8.17!

ಅರ್ಧ ಗಂಟೆ ತಲೆ ಕೆರೆದುಕೊಂಡೆ. ಅಮ್ಮ ಹೇಳಿದ್ದೇ ನಿಜವಾ? ಕೊನೆಗೆ ಮೊಬೈಲಿನ ಟಾರ್ಚ್ ಹಾಕಿ ಲೋಟದ ಬದಿಯಿಂದ ನೋಡಿದೆ. ಬಳೆಗಳ ನಡುವಿನ ಸಂದಿನಲ್ಲಿ ಬೆಳ್ಳಿ ದಾರದ ಹಾಗೆ ಸುತ್ತಲೂ ಗಾಳಿ ಹೊಳೆಯುತ್ತಿತ್ತು. ಉಬ್ಬಿನ ಕೆಳಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಲೇತಿನ ಎಣ್ಣೆ ಇನ್ನೂ ಮೈಗೆ ಅಂಟಿಕೊಂಡಿತ್ತು, ನೀರು ಸಂದಿಗೆ ಇಳಿದೇ ಇರಲಿಲ್ಲ. ಗುಂಡನ್ನು ಪಾತ್ರೆ ಸೋಪಿನಲ್ಲಿ ತೊಳೆದು, ನೀರಿಗೂ ಒಂದು ಹನಿ ಸೋಪು ಹಾಕಿ, ಮುಳುಗಿದ ಮೇಲೆ ಹಳೇ ಟೂತ್‌ಬ್ರಷ್‌ನಿಂದ ಸಂದಿ ಸಂದಿ ತಿಕ್ಕಿದೆ. ಆಮೇಲೆ ಸೊನ್ನೆ ಮಾಡಿಕೊಂಡು ಮತ್ತೆ ಅಳೆದೆ: 13.27. ಸಾಂದ್ರತೆ 8.44. ಅರ್ಧ ಮಿ.ಲೀ.ಗಿಂತ ಕಡಿಮೆ ಗಾಳಿ ನನ್ನನ್ನು ಅಷ್ಟು ದೂರ ಓಡಿಸಿತ್ತು.

ಇನ್ನು ಚೂರು. ಪೇಪರಿನಲ್ಲಿ ಸಿಕ್ಕಿದ್ದು 41.3 ಗ್ರಾಂ. ಔಷಧಿ ಲೋಟಕ್ಕೆ ಸುರಿದರೆ 25 ಮಿ.ಲೀ. ಗೀಟಿಗೆ ಬಂತು. ಹಾಗೆ ಭಾಗಿಸಿದರೆ 1.65, ಅಂದ್ರೆ ಕಲ್ಲಿಗಿಂತಲೂ ಹಗುರ. ಹಿತ್ತಾಳೆ ಹಗುರ ಆಗಿಲ್ಲ, ಲೋಟದಲ್ಲಿ ಮುಕ್ಕಾಲು ಪಾಲು ಚೂರಿನ ನಡುವಿನ ಗಾಳಿ. ಅವಲಕ್ಕಿ ಒಂದು ಸೇರು, ಅಕ್ಕಿ ಒಂದು ಸೇರು ಒಂದೇ ತೂಕ ಬರಲ್ಲ ಅನ್ನೋದು ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಇದನ್ನು ಮಾತ್ರ ತಕ್ಷಣ ಒಪ್ಪಿಕೊಂಡರು.

ಚೂರನ್ನು ದಾರಕ್ಕೆ ಕಟ್ಟಲಾಗದು. ಹಾಗಾಗಿ ಗಾಜಿನ ಸಣ್ಣ ಬಾಟಲಿ ಹಿಡಿದೆ. ಬಾಯಿವರೆಗೆ ನೀರು ತುಂಬಿ, ಮೇಲೆ ಗಾಜಿನ ಚೂರು ಜಾರಿಸಿ ಮುಚ್ಚಿ, ಒರೆಸಿ ತೂಗಿದೆ. ಆಮೇಲೆ ಒಳಗೆ ಹಿತ್ತಾಳೆ ಚೂರು ಹಾಕಿ, ಮತ್ತೆ ಬಾಯಿವರೆಗೆ ನೀರು ತುಂಬಿ ತೂಗಿದೆ. ಹೊರಗೆ ಹೋದ ನೀರು 6.65 ಗ್ರಾಂ. ಸಾಂದ್ರತೆ 6.19. ಈ ಸಲ ಗಾಬರಿ ಆಗಲಿಲ್ಲ, ಗಾಳಿ ಅಂತ ಗೊತ್ತಿತ್ತು. ಬಿಸಿನೀರು, ಸೋಪು ಹಾಕಿ ಎಣ್ಣೆ ತೆಗೆದು, ಬಾಣಲೆಯಲ್ಲಿ ಒಣಗಿಸಿದೆ. ಆ ಬಾಣಲೆಯ ವಿಷಯ ಮನೆಯಲ್ಲಿ ಇನ್ನೂ ಗೊತ್ತಿಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟು ಆಗಾಗ ಕುಲುಕಿದೆ. ಬೆಳಿಗ್ಗೆ 40.9 ಗ್ರಾಮಿಗೆ 4.87. ಸಾಂದ್ರತೆ 8.36. ಪೂರ್ತಿ 8.44 ಬರಲಿಲ್ಲ. ಸುರುಳಿ ಚೂರಿನ ಒಳಗೆ ಸಿಕ್ಕಿಕೊಂಡ ಗುಳ್ಳೆಗಳನ್ನು ನನ್ನ ಹತ್ತಿರ ಇರುವ ಸಾಮಾನಿನಲ್ಲಿ ಓಡಿಸಲು ಆಗಲಿಲ್ಲ.

ಒಂದು ಚೂರು ಹಿತ್ತಾಳೆಯನ್ನು ಸುತ್ತಿಗೆಯಲ್ಲಿ ತಟ್ಟಿ ತಗಡು ಮಾಡಿ ನೋಡೋಣ ಅಂತ ಹೊರಟೆ. ನಾಲ್ಕನೇ ಏಟಿಗೆ ಅಂಚು ಬಿರಿಯಿತು. ಲೇತಿಗೆ ಬಳಸುವ ಹಿತ್ತಾಳೆಯಲ್ಲಿ ಸ್ವಲ್ಪ ಸೀಸ ಬೆರೆಸಿರುತ್ತಾರೆ. ಕತ್ತರಿಸಲು ಸಲೀಸು, ತಣ್ಣಗೆ ಬಡಿದರೆ ಒಡೆಯುತ್ತದೆ. ಕೈಬಿಟ್ಟೆ.

ತೀರಾ ಸಣ್ಣ ವಸ್ತುವಿನದು ಬೇರೆ ಕಥೆ. ಒಂದು ರೂಪಾಯಿ ಸ್ಟೀಲ್ ನಾಣ್ಯ ಒಂದನ್ನೇ ಮೂರು ಸಲ ಮುಳುಗಿಸಿದೆ. ತೂಕ 3.79, ನೀರು 0.47, 0.52, 0.49. ಸಾಂದ್ರತೆ 8.0, 7.3, 7.7. ನಾಣ್ಯ ಬದಲಾಗಿಲ್ಲ. ಅರ್ಧ ಗ್ರಾಂ ಓದುವಾಗ ದಾರ ಚೂರು ಅಲ್ಲಾಡಿದರೂ ಉತ್ತರ ಎಲ್ಲೋ ಹೋಗುತ್ತದೆ. 20 ನಾಣ್ಯ ಕಟ್ಟಿ ಇಳಿಸಿದೆ. ಅದರಲ್ಲಿ ಎರಡು ಹಳೇ ದೊಡ್ಡ ನಾಣ್ಯ, 4.85 ಗ್ರಾಮಿನವು. ಒಟ್ಟು 77.8 ಗ್ರಾಂ, ನೀರು 10.07, ಸಾಂದ್ರತೆ 7.70. ದೊಡ್ಡವು ಎರಡು ಬೆರೆತರೂ ಅಂಕಿ ಅಲ್ಲಾಡಲಿಲ್ಲ.

ಮೇ 25

ಈಗ ದೀಪ. ಎಲ್ಲ ತುಂಡನ್ನೂ ತಿಕ್ಕಿ, ಎಣ್ಣೆ ಜಿಡ್ಡು ಹೋಗುವವರೆಗೆ ತೊಳೆದೆ. ಬುಡ ಪುಟ್ಟ ತಕ್ಕಡಿಗೆ ಆಗಲ್ಲ. ಅಡುಗೆಮನೆಯ ದೊಡ್ಡ ತಕ್ಕಡಿ, ಬಕೆಟ್ಟು ಬಳಸಿದೆ. ಅದು ಒಂದು ಗ್ರಾಂ ಲೆಕ್ಕದಲ್ಲಷ್ಟೇ ತೋರಿಸುತ್ತದೆ, ಆದರೆ ಇಷ್ಟು ದೊಡ್ಡ ವಸ್ತುವಿಗೆ ಸಾಕು. ಬುಡ 1386 ಗ್ರಾಂ, ನೀರು 168, ಸಾಂದ್ರತೆ 8.22. ತುದಿಯ ಪುಟ್ಟ ನವಿಲು 96.3 ಗ್ರಾಂ, ನೀರು 11.62, ಸಾಂದ್ರತೆ 8.25. ಒಂದಕ್ಕಿಂತ ಒಂದು ಹದಿನಾಲ್ಕು ಪಟ್ಟು ತೂಕ, ಆಕಾರಕ್ಕೂ ಸಂಬಂಧವಿಲ್ಲ. ಆದರೂ ಅಂಕಿ ಅಕ್ಕಪಕ್ಕ. ರಾಡಿನ 8.44ಕ್ಕಿಂತ ಎರಡೂ ಕಡಿಮೆ, ನಿಜ. ಅದು ಬೇರೆ ಬೆರಕೆಯ ಎರಕದ ಹಿತ್ತಾಳೆ, ಎರಕದಲ್ಲಿ ಕಣ್ಣಿಗೆ ಕಾಣದ ತೂತುಗಳೂ ಇರುತ್ತವೆ.

ಆಮೇಲೆ ಕಂಬ. 412.0 ಗ್ರಾಂ. ಮುಳುಗಿಸಿದಾಗ 61.2. ಬ್ರಷ್ ಹಾಕಿ ಗುಳ್ಳೆ ತೆಗೆದಿದ್ದೆ. ಆದರೂ ಅಂಕಿ ನಿಲ್ಲಲಿಲ್ಲ. 61.0, 60.8, 60.6... ತಿರುಪಿನ ತೂತಿನಿಂದ ಒಂದೊಂದೇ ಗುಳ್ಳೆ, ಯಾರೋ ಒಳಗೆ ಕೂತು ಉಸಿರು ಬಿಡುತ್ತಿರುವ ಹಾಗೆ. ಅರ್ಧ ಗಂಟೆಗೆ 60.1. ಎತ್ತಿ ಒರೆಸಿ ತೂಗಿದರೆ 413.1. ಒಳಗೆ 1.1 ಗ್ರಾಂ ನೀರು ಹೋಗಿದೆ, ಅಷ್ಟೇ ಗಾಳಿ ಹೊರಗೆ ಬಂದಿದೆ. ಟೊಳ್ಳು ಅನ್ನೋದು ಅಲ್ಲಿಗೇ ಗೊತ್ತಾಯಿತು.

ಎಷ್ಟು ಟೊಳ್ಳು? ಮೂರು ದಿನ ಬಿಸಿಲಿಗಿಟ್ಟೆ, ತೂಕ 412.0ಕ್ಕೆ ಮರಳಿತು. ತೂತಿನ ತಳಕ್ಕೆ ಮೇಣದಬತ್ತಿ ಕರಗಿಸಿ ಸುರಿದು ಮುಚ್ಚಿದೆ. ಮೇಣ 1.6 ಗ್ರಾಂ, ಅದರ ಗಾತ್ರ ಸುಮಾರು 1.8 ಮಿ.ಲೀ. ಮತ್ತೆ ಮುಳುಗಿಸಿದರೆ 62.8, ಅಲ್ಲಾಡಲಿಲ್ಲ. ಮೇಣ ಕಳೆದರೆ 61.0. ಸಾಂದ್ರತೆ 6.73. ಕೆತ್ತಿದ ಗುಂಡು ನೆಟ್ಟಗಿನ ರಾಡಿನಷ್ಟೇ ಬಂದಿದ್ದನ್ನು ಕಣ್ಣಾರೆ ಕಂಡ ಮೇಲೆ ಈ 6.73ಕ್ಕೆ ಕೆತ್ತನೆಯ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ.

ದೀಪದ ಹಿತ್ತಾಳೆ 8.25 ಅಂತ ಹಿಡಿದರೆ 412 ಗ್ರಾಮಿಗೆ 50 ಮಿ.ಲೀ. ಸಾಕು. ಒಳಗೆ ಬರೀ ಗಾಳಿ ಇದ್ದರೆ ಟೊಳ್ಳು 11 ಮಿ.ಲೀ. ಮಣ್ಣು ತುಂಬಿದ್ದರೆ ಮಣ್ಣಿಗೂ ತೂಕ ಇರುವುದರಿಂದ ಜಾಗ ಇನ್ನೂ ದೊಡ್ಡದಿರಬೇಕು, 14ರ ಹತ್ತಿರ. ಯಾವುದು ಅಂತ ಸಾಂದ್ರತೆ ಹೇಳಲ್ಲ. ಮೇಣ ಸುರಿಯುವಾಗ ತೂತಿನ ತಳ ಕಪ್ಪಗೆ, ಒರಟಾಗಿ ಕಂಡಿತ್ತು. ಮಣ್ಣು ಅಂತ ನನ್ನ ಊಹೆ.

ಜೂನ್ 1

ಲೇತ್ ಭಾಯಿಗೆ ಲೆಕ್ಕ ತೋರಿಸಿದೆ. ಅವರು ಲೆಕ್ಕ ನೋಡಲಿಲ್ಲ, ತೂತಿನೊಳಗೆ ನೋಡಿದರು. "ಅಚ್ಚಿನ ಮಣ್ಣು ಸಾರ್. ಹಿತ್ತಾಳೆ ಉಳಿಸೋಕೆ ಮಧ್ಯೆ ಮಣ್ಣಿನ ಉಂಡೆ ಇಟ್ಟು ಎರಕ ಹೊಯ್ತಾರೆ." ಮಂಡ್ಯ ಜಿಲ್ಲೆಯ ನಾಗಮಂಗಲದ ಕಡೆ ಮೇಣದ ಅಚ್ಚಿನಲ್ಲಿ ವಿಗ್ರಹ, ದೀಪ ಮಾಡುವವರ ಬಗ್ಗೆ ಕೇಳಿದ್ದೆ. ಒಳಗಿನ ಮಣ್ಣನ್ನು ಹಾಗೇ ಬಿಡುವುದೂ ಉಂಟು ಅನ್ನೋದು ನನಗೆ ಹೊಳೆದಿರಲಿಲ್ಲ.

ಇಲ್ಲೇ ನನ್ನ ದೊಡ್ಡ ತಪ್ಪು ಆಗುವುದರಲ್ಲಿತ್ತು. ಹಿತ್ತಾಳೆ ಬಿರಡೆ ಕೂರಿಸಿ ಗ್ಯಾಸ್‌ನಲ್ಲಿ ಬೆಸುಗೆ ಹಾಕಿಬಿಡಿ ಅಂದೆ. ಭಾಯಿ ಕೈ ಅಡ್ಡ ಆಡಿಸಿದರು. "ನೀರಲ್ಲಿ ಹಾಕಿದ್ರಿ ತಾನೇ? ಒಳಗೆ ಮಣ್ಣು ನೆಂದಿದೆ. ಬಾಯಿ ಮುಚ್ಚಿ ಬೆಂಕಿ ಕೊಟ್ರೆ ಪಟಾಕಿ ಥರ ಸಿಡಿಯತ್ತೆ." ತೂಕ ಮರಳಿದೆ, ಒಣಗಿದೆ ಅಂತ ನಾನು ಹೇಳಿದರೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಒಳ್ಳೆಯದಾಯಿತು. ಮುಚ್ಚಿದ ಟೊಳ್ಳಿನಲ್ಲಿ ನೀರು ಆವಿಯಾದರೆ ಹೊರಗೆ ಹೋಗಲು ದಾರಿ ಇರಲ್ಲ. ಇದನ್ನು ಓದಿ ಯಾರಾದರೂ ತಮ್ಮ ದೀಪ ಅಳೆಯಲು ಹೊರಟರೆ, ಬೆಂಕಿ ಹತ್ತಿರ ಒಯ್ಯಬೇಡಿ.

ಮೇಣ ಕೆರೆದು, ಉದ್ದ ಸ್ಕ್ರೂಡ್ರೈವರಿನಿಂದ ಮಣ್ಣು ಕೆದಕಿದೆ. ಮೊದಲು ಇಟ್ಟಿಗೆಯ ಹಾಗೆ ಗಟ್ಟಿ, ಒಳಗೆ ಹೋದ ಹಾಗೆ ಕಪ್ಪು ಪುಡಿ. ಒಂದೆರಡು ಸುಟ್ಟ ಹೊಟ್ಟಿನ ಎಳೆಯೂ ಸಿಕ್ಕಿತು. ಒಟ್ಟು 24 ಗ್ರಾಂ. ಖಾಲಿ ಜಾಗಕ್ಕೆ ತಿರುಪು ಮುಗಿಯುವ ಮಟ್ಟದವರೆಗೆ ಸಿರಿಂಜಿನಲ್ಲಿ ನೀರು ತುಂಬಿದೆ: 14 ಮಿ.ಲೀ.! ಮಣ್ಣು ಹೋದ ಮೇಲೆ ಹಿತ್ತಾಳೆ 388 ಗ್ರಾಂ. 61.0 ಗ್ರಾಂ ನೀರು ಅಂದ್ರೆ 61.2 ಮಿ.ಲೀ., ಅದರಲ್ಲಿ 14 ಕಳೆದರೆ ಗಾತ್ರ 47.2 ಮಿ.ಲೀ. ಭಾಗಿಸಿದರೆ 8.22. ಬುಡದ್ದೂ 8.22. ಅಂಗಡಿಯಲ್ಲೇ ಮಗಳಿಗೆ ಫೋನ್ ಮಾಡಿ ಹೇಳಿದೆ. "ನಾನು ಮೊದ್ಲೇ ಹೇಳಿದ್ನಲ್ಲ ಅಪ್ಪ" ಅಂದಳು.

ರಿಪೇರಿ ಹೀಗೆ ಆಯಿತು. ಉಳಿದಿದ್ದ 50 ಮಿ.ಮೀ. ರಾಡ್ ತುಂಡಿನಿಂದ ಬಿರಡೆ: 30 ಮಿ.ಮೀ. ಒಳಗೆ ಹೋಗುವ 20 ಮಿ.ಮೀ. ದಪ್ಪದ ಭಾಗ, ಹೊರಗೆ 18 ಮಿ.ಮೀ. ಉದ್ದಕ್ಕೆ 12ರ ತ್ರೆಡ್. ಕಂಬದ ಒಳಗೋಡೆಯನ್ನು ಬಿರಡೆ ಬಿಗಿಯಾಗಿ ಕೂರುವಷ್ಟು ಸವರಿದರು. ಅಂಟಿಸಿದ್ದು ಅರಾಲ್ಡೈಟ್‌ನಲ್ಲಿ. ಬುಡದಲ್ಲಿದ್ದ ಸವೆದ ತಿರುಪು ಕಡಿದು, 12 ಮಿ.ಮೀ. ತೂತು ಹೊಡೆದು, ಕೆಳಗಿನಿಂದ ಹಿತ್ತಾಳೆ ನಟ್. ಲೇತ್ ಕೂಲಿ 450.

ಒಟ್ಟು ಖರ್ಚು: ರಾಡ್ 280, ತಕ್ಕಡಿ 390, ಲೇತ್ ಎರಡು ಸಲ ಸೇರಿ 600, ಅರಾಲ್ಡೈಟ್ 85, ನಟ್ 30, ಗಾಳದ ದಾರ 20. 1405 ರೂ. ಬಿರಡೆಗೆ ಹೋದ ರಾಡ್ ತುಂಡೂ ಸೇರಿಸಿದರೆ ಇದರಲ್ಲಿ ರಿಪೇರಿಗೆ ಅಂತ ಹೋದದ್ದು ಅರ್ಧಕ್ಕಿಂತ ಚೂರು ಜಾಸ್ತಿ, ಮಿಕ್ಕಿದ್ದು ಹಟಕ್ಕೆ.

ಜೂನ್ 8

ಅಂಟು ಒಂದು ವಾರ ಒಣಗಿತು. ಜೋಡಿಸುವ ಮೊದಲು ಕಂಬವನ್ನು ಕೊನೇ ಸಲ ಮುಳುಗಿಸಿದೆ. 482.3 ಗ್ರಾಂ, ನೀರು 65.9, ಹದಿನೈದು ನಿಮಿಷ ನೋಡಿದರೂ ಅಂಕಿ ಅಲ್ಲಾಡಲಿಲ್ಲ. ಸಾಂದ್ರತೆ 7.29. ಬಿರಡೆ ಟೊಳ್ಳಿನ ಕೊನೆವರೆಗೆ ಮುಟ್ಟಿಲ್ಲ. ಒಳಗೆ ಇನ್ನೂ ಸುಮಾರು 5 ಮಿ.ಲೀ. ಗಾಳಿ ಇದೆ, ಈ ಸಲ ನಾನೇ ಮುಚ್ಚಿದ್ದು.

ಸಂಜೆ ಅಮ್ಮ ದೀಪ ಹಚ್ಚಿ, ಬಟ್ಟಲಿನ ಅಂಚನ್ನು ಬೆರಳಲ್ಲಿ ತಳ್ಳಿ ನೋಡಿದರು. ಅಲ್ಲಾಡಲಿಲ್ಲ. "ಈಗ ಗಟ್ಟಿಯಾಯ್ತು ನೋಡು" ಅಂದರು. 7.29 ಅಂತ ನಾನು ಹೇಳಲಿಲ್ಲ.